ವಾಹನ ಕಳವು: ಮರುಕಳಿಸುವ ಅಪರಾಧಕ್ಕೆ ಹೆಚ್ಚುವ ಶಿಕ್ಷೆ

ದುಡಿದು ತಿನ್ನುವವರ ಪಾಲಿಗೆ ವಾಹನವೇ ಅಂದಂದಿನ ಗಳಿಕೆಯ ಆಧಾರ. ಆಟೊ ಓಡಿಸುವವನಾಗಲಿ, ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ರೈತನಾಗಲಿ, ವಾಹನ ಕಳುವಾದ ದಿನವೇ ಸಂಪಾದನೆಯನ್ನೂ ಕಳೆದುಕೊಳ್ಳುತ್ತಾನೆ. ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಇಂಥ ನಷ್ಟವನ್ನು ಒಬ್ಬನೇ ವ್ಯಕ್ತಿ ಮತ್ತೆ ಮತ್ತೆ ಉಂಟುಮಾಡುತ್ತಿದ್ದರೆ ಅವನನ್ನು ಮೊದಲ ಸಲ ತಪ್ಪಿದವನಂತೆ ಕಾಣಲಾಗದು ಎಂಬ ತತ್ತ್ವ ಭಾರತದ ದಂಡಶಾಸನದಲ್ಲಿ ಹಿಂದಿನಿಂದಲೂ ಇದ್ದು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ.

ಸಂಹಿತೆಯ 303ನೆಯ ಕಲಮಿನ ಪ್ರಕಾರ ಸಾಮಾನ್ಯ ಕಳವಿಗೆ 3 ವರ್ಷಗಳವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಅದೇ ಕಲಮಿನಡಿ ಎರಡನೆಯ ಸಲ ಅಥವಾ ಅನಂತರ ಅಪರಾಧಿಯೆಂದು ತೀರ್ಮಾನವಾದವನಿಗೆ ಕನಿಷ್ಠ 1 ವರ್ಷದ, ಗರಿಷ್ಠ 5 ವರ್ಷಗಳ ಕಠಿಣ ಸೆರೆವಾಸವನ್ನು, ಎಂದರೆ ಜೈಲಿನಲ್ಲಿ ಕಡ್ಡಾಯವಾಗಿ ದುಡಿಯಬೇಕಾದ ಶಿಕ್ಷೆಯನ್ನು, ದಂಡದೊಂದಿಗೆ ವಿಧಿಸಲೇಬೇಕು. 1860ರ ಭಾರತೀಯ ದಂಡ ಸಂಹಿತೆಯ ಕಳವಿನ ಕಲಮಿನಲ್ಲಿ ಇಂಥ ಮೆಟ್ಟಿಲು ಇರಲಿಲ್ಲವಾದರೂ, ಸ್ವತ್ತಿಗೆ ಸಂಬಂಧಿಸಿದ ಗಂಭೀರ ಅಪರಾಧದಲ್ಲಿ ಒಮ್ಮೆ ಶಿಕ್ಷೆಗೊಳಗಾದವನು ಅಂಥದನ್ನೇ ಮತ್ತೆ ಎಸಗಿದರೆ 10 ವರ್ಷಗಳವರೆಗಿನ ಅಥವಾ ಜೀವಾವಧಿ ಸೆರೆವಾಸ ವಿಧಿಸಲು ಅದರ 75ನೆಯ ಕಲಂ ಅವಕಾಶ ಕೊಟ್ಟಿತ್ತು. ಆ ಅವಕಾಶ ಈಗ 13ನೆಯ ಕಲಮಾಗಿ ಮುಂದುವರಿದಿದೆ.

ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನವನ್ನು ಕದ್ದರೆ 305ನೆಯ ಕಲಮಿನಡಿ ಮೊದಲ ಸಲವೇ 7 ವರ್ಷಗಳವರೆಗೆ ಸೆರೆವಾಸವಾಗಬಹುದು. ಕದ್ದ ಮಾಲಿನ ವ್ಯಾಪಾರವನ್ನೇ ರೂಢಿ ಮಾಡಿಕೊಂಡವನಿಗೆ 317ನೆಯ ಕಲಂ 10 ವರ್ಷಗಳವರೆಗಿನ ಅಥವಾ ಜೀವಾವಧಿ ಶಿಕ್ಷೆಯನ್ನು ಹೇಳುತ್ತದೆ. ಎಲ್ಲಕ್ಕಿಂತ ಹೊಸದು 111ನೆಯ ಕಲಂ. ಅದು ಸಂಘಟಿತ ಅಪರಾಧಗಳನ್ನು ಪಟ್ಟಿಮಾಡುವಾಗ ವಾಹನ ಕಳವನ್ನು ಹೆಸರಿಸಿಯೇ ಹೇಳಿದ್ದು, ಕೂಟ ಕಟ್ಟಿಕೊಂಡು ಇದನ್ನು ನಡೆಸುವವರಿಗೆ ಕನಿಷ್ಠ 5 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವನ್ನೂ ₹5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡವನ್ನೂ ಗೊತ್ತುಪಡಿಸಿದೆ.

ಈ ಕಲಮುಗಳ ನಡುವಿನ ಒಂದು ಅಂತರವನ್ನು ಗಮನಿಸಬೇಕು. 303ನೆಯ ಕಲಮಿನ ಹೆಚ್ಚುವರಿ ಶಿಕ್ಷೆಗೆ ಹಿಂದಿನ ಪ್ರಕರಣದಲ್ಲಿ ಅಪರಾಧ ಸಾಬೀತಾಗಿ ತೀರ್ಪು ಬಂದಿರಬೇಕು. ಹತ್ತು ಎಫ್‌ಐಆರ್‌ಗಳಿದ್ದು ಒಂದೂ ಇತ್ಯರ್ಥವಾಗದಿದ್ದರೆ ಆರೋಪಿ ಕಾನೂನಿನ ಕಣ್ಣಿಗೆ ಮೊದಲ ಸಲದವನೇ. 111ನೆಯ ಕಲಮಿಗಾದರೋ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿಗಳು ಸಲ್ಲಿಕೆಯಾಗಿ ನ್ಯಾಯಾಲಯ ಅವುಗಳನ್ನು ವಿಚಾರಣೆಗೆ ಪರಿಗಣಿಸಿರುವುದು ಮುಖ್ಯ. ದೋಷಾರೋಪ ಪಟ್ಟಿಯೆಂಬುದು ಪೊಲೀಸರ ತನಿಖೆಯ ನಿಲುವೇ ಹೊರತು ನ್ಯಾಯಾಲಯದ ತೀರ್ಮಾನವಲ್ಲವಾದ್ದರಿಂದ, ಈ ಕಲಮನ್ನು ಬಳಸುವಾಗ ಹೆಚ್ಚಿನ ಎಚ್ಚರ ಅಗತ್ಯ.

ಆದುದರಿಂದ ಎರಡನೆಯ ಶಿಕ್ಷೆಯ ಬಲ ಮೊದಲ ಪ್ರಕರಣದ ಸಾಕ್ಷ್ಯದಲ್ಲಿದೆ. ಕಳ್ಳರು ನಂಬರ್ ಪ್ಲೇಟ್ ಬದಲಿಸುತ್ತಾರೆ, ಚಾಸಿಸ್ ಸಂಖ್ಯೆಯನ್ನು ಅರದಿಂದ ಉಜ್ಜಿ ಬೇರೊಂದನ್ನು ಒತ್ತುತ್ತಾರೆ, ಇಲ್ಲವೆ ವಾಹನವನ್ನೇ ಬಿಚ್ಚಿ ಬಿಡಿಭಾಗಗಳಾಗಿ ಮಾರುತ್ತಾರೆ. ಆದರೆ ಕಾರ್ಖಾನೆಯಲ್ಲಿ ಅಂಕಿಯನ್ನು ಒತ್ತಿದಾಗ ಅದರ ಅಡಿಯ ಲೋಹವೂ ಅದುಮಿಕೊಂಡಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಭಾಗವನ್ನು ನುಣುಪುಗೊಳಿಸಿ ಆಮ್ಲಯುಕ್ತ ದ್ರಾವಣ ಸವರಿದರೆ, ಅದುಮಿದ ಲೋಹವೂ ಸುತ್ತಲಿನ ಲೋಹವೂ ಬೇರೆ ಬೇರೆ ವೇಗದಲ್ಲಿ ಕರಗುವುದರಿಂದ, ಅಳಿಸಿದ ಅಂಕಿಗಳು ಮಸುಕಾಗಿ ಮತ್ತೆ ಮೂಡುತ್ತವೆ. ಹೀಗೆ ಓದಿದ ಸಂಖ್ಯೆ ನೋಂದಣಿ ದಾಖಲೆಯೊಂದಿಗೆ ತಾಳೆಯಾದಾಗ ವಾಹನ ಯಾರದೆಂಬುದು ಸಾಬೀತಾಗುತ್ತದೆ. ಮುಂದೊಮ್ಮೆ ಅದೇ ವ್ಯಕ್ತಿ ಸಿಕ್ಕಿಬಿದ್ದರೆ, ಹಿಂದಿನ ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ, ಶಿಕ್ಷೆಗೊಳಗಾದವನು ಇವನೇ ಎಂಬ ಸಾಕ್ಷ್ಯವನ್ನೂ ಒದಗಿಸಬೇಕಾಗುತ್ತದೆ.

ಬಿಗಿಯಾದ ಕಾನೂನು ಹುಟ್ಟಿನ ಆಧಾರದ ಮೇಲೆ ಯಾರನ್ನೂ ಗುರಿಮಾಡಬಾರದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳಿಗೆ ಕಳ್ಳರೆಂಬ ಹಣೆಪಟ್ಟಿ ಹಚ್ಚಿತ್ತು. 1952ರಲ್ಲಿ ಅದು ರದ್ದಾದರೂ ಕಳಂಕ ಉಳಿಯಿತು. ‘ರೂಢಿಗತ ಅಪರಾಧಿ’ ಎಂಬ ಹೆಸರಿನಲ್ಲಿ ಜೈಲುಗಳಲ್ಲಿ ಆ ಸಮುದಾಯಗಳ ವಿರುದ್ಧ ನಡೆಯುತ್ತಿದ್ದ ತಾರತಮ್ಯವನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಅಸಾಂವಿಧಾನಿಕವೆಂದು ಸಾರಬೇಕಾಯಿತು. ಮರು ಅಪರಾಧವೆಂದರೆ ಅದೇ ವ್ಯಕ್ತಿಯ ಮೇಲೆ ಸಾಬೀತಾದ ಕೃತ್ಯ ಮಾತ್ರ ಆಗಿರಬೇಕೆಂಬ ನಿಯಮದ ಬೆಲೆ ಇಲ್ಲಿ ತಿಳಿಯುತ್ತದೆ.

ಕದ್ದ ವಾಹನಕ್ಕೆ ಗಿರಾಕಿ ಇರುವವರೆಗೆ ಕದಿಯುವ ಕೈ ನಿಲ್ಲುವುದು ಕಷ್ಟ. ಹಳೆಯ ಬೈಕು ಕೊಳ್ಳುವವರು ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡುವುದು, ಗುಜರಿಯವರು ದಾಖಲೆಯಿಲ್ಲದ ವಾಹನವನ್ನು ಬಿಚ್ಚಲು ಒಪ್ಪದಿರುವುದು, ತನಿಖೆ ಮತ್ತು ವಿಚಾರಣೆ ಬೇಗ ಮುಗಿಯುವುದು, ಈ ಮೂರೂ ಕೂಡಿಬಂದಾಗ ಸಂಹಿತೆಯಲ್ಲಿ ಬರೆದಿಟ್ಟ ಕಠಿಣ ಶಿಕ್ಷೆ ವಾಹನ ಕಳೆದುಕೊಂಡವನ ನೆರವಿಗೆ ನಿಜವಾಗಿ ಬಂದೀತು.