ನೆಗಡಿಗೆ ಎಲ್ಡರ್‌ಬೆರಿ: ಗುಣವೆಷ್ಟು, ಎಚ್ಚರವೆಷ್ಟು?

ಚಳಿಗಾಲ ಕಾಲಿಟ್ಟೊಡನೆ ಮನೆಮನೆಗಳಲ್ಲಿ ನೆಗಡಿ, ಕೆಮ್ಮು, ಗಂಟಲು ಕೆರೆತಗಳು ತಲೆದೋರುವುದು ಸಹಜ. ಶುಂಠಿ, ಕಾಳುಮೆಣಸು, ತುಳಸಿಗಳ ಕಷಾಯವು ಹಿರಿಯರಿಂದ ನಮಗೆ ಬಂದ ಬಳುವಳಿ. ಈಚೆಗೆ ಅದರ ಪಕ್ಕದಲ್ಲಿ ಹೊಸದೊಂದು ಸೀಸೆಯೂ ಕಾಣತೊಡಗಿದೆ. ವಿದೇಶದಲ್ಲಿ ನೆಲೆಸಿದ ಮಕ್ಕಳು ಊರಿಗೆ ಬರುವಾಗ ವೃದ್ಧ ತಂದೆತಾಯಿಗಳಿಗೆಂದು ಎಲ್ಡರ್‌ಬೆರಿ ಪಾಕವನ್ನು ತರುವುದುಂಟು. ಆ ಪ್ರೀತಿ ದೊಡ್ಡದು. ಆದರೆ ಅರಿಯದೆ ಸೇವಿಸಿದರೆ ಅದೇ ತೊಂದರೆಗೂ ಕಾರಣವಾದೀತು.

ಎಲ್ಡರ್ ಯುರೋಪಿನ ಪೊದೆಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಯಾಂಬುಕಸ್ ನೈಗ್ರಾ. ಬೇಸಿಗೆಯ ಮೊದಲಲ್ಲಿ ಬಿಳಿಯ ಹೂಗೊಂಚಲು, ಬೇಸಿಗೆ ಮುಗಿಯುವ ವೇಳೆಗೆ ಕಪ್ಪುನೇರಳೆ ಬಣ್ಣದ ಸಣ್ಣ ಹಣ್ಣುಗಳು ಬರುತ್ತವೆ. ಅಲ್ಲಿನ ಜನ ಹಣ್ಣನ್ನು ಬೇಯಿಸಿ, ಸೋಸಿ, ಪಾಕ ಮಾಡಿಟ್ಟುಕೊಂಡು ನೆಗಡಿಗೆ ಬಳಸುತ್ತ ಬಂದಿದ್ದಾರೆ. ಹಣ್ಣಿಗೆ ಗಾಢ ಬಣ್ಣವನ್ನು ನೀಡುವ ಆಂಥೋಸಯಾನಿನ್ ಎಂಬ ಅಂಶ ನಮ್ಮ ನೇರಳೆ ಹಣ್ಣಿನಲ್ಲಿಯೂ ಇದೆ.

ಇದರ ಗುಣವನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 2004ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 60 ಫ್ಲೂ ರೋಗಿಗಳ ಪೈಕಿ ಪಾಕ ಸೇವಿಸಿದವರು ಸರಾಸರಿ 4 ದಿನ ಮೊದಲೇ ಚೇತರಿಸಿಕೊಂಡರು. 2016ರಲ್ಲಿ ಆಸ್ಟ್ರೇಲಿಯಾದಿಂದ ಹೊರಟ 312 ವಿಮಾನ ಪ್ರಯಾಣಿಕರ ಅಧ್ಯಯನ ಪ್ರಕಟವಾಯಿತು. ನೆಗಡಿ ಬಾರದಂತೆ ತಡೆಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಂದ ನೆಗಡಿ ಮಾತ್ರ ಬೇಗ ಇಳಿಯಿತು. 2020ರಲ್ಲಿ ಅಮೆರಿಕದ 87 ಫ್ಲೂ ರೋಗಿಗಳಲ್ಲಿ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಆದುದರಿಂದ ಇದನ್ನು ಅಲ್ಪ ಸಹಾಯಕವೆಂದು ಎಣಿಸಬಹುದೇ ಹೊರತು, ರೋಗವನ್ನು ತಡೆಯುವ ರಕ್ಷಾಕವಚವೆಂದು ನಂಬಲಾಗದು.

ಹಸಿ ಹಣ್ಣು, ಎಲೆ, ತೊಗಟೆ, ಕಾಂಡಗಳಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಅಂಶಗಳಿವೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆಕಾಂಡಗಳ ಸಹಿತ ಹಿಂಡಿದ ಹಸಿ ರಸವನ್ನು ಕುಡಿದು 11 ಮಂದಿ ವಾಂತಿ, ತಲೆಸುತ್ತುಗಳಿಂದ ಬಳಲಿದರು. ಎಂಟು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಎಲ್ಲರೂ ಚೇತರಿಸಿಕೊಂಡರೆಂಬುದು ಸಮಾಧಾನ. ಒಣ ಹಣ್ಣನ್ನು ತಂದವರೂ ಚೆನ್ನಾಗಿ ಕುದಿಸಿ, ಸೋಸಿಯೇ ಬಳಸಬೇಕು.

ಪಾಕದಲ್ಲಿ ಸಕ್ಕರೆ ಹೇರಳವಾಗಿರುವುದರಿಂದ ಮಧುಮೇಹಿಗಳು ಸೀಸೆಯ ಮೇಲಿನ ಬರಹವನ್ನು ಓದಿಯೇ ಮುಂದುವರಿಯಬೇಕು. ಜೇನು ಬೆರೆಸಿದ್ದನ್ನು 1 ವರ್ಷದೊಳಗಿನ ಶಿಶುಗಳಿಗೆ ಕೊಡಲೇಬಾರದು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟದಿರುವುದು ಲೇಸು. ಉಸಿರಾಟದ ತೊಂದರೆ, ಎದೆನೋವು ಅಥವಾ ಮೂರು ದಿನ ಕಳೆದರೂ ಇಳಿಯದ ಜ್ವರವಿದ್ದಾಗ ಕಷಾಯವನ್ನಾಗಲಿ ಪಾಕವನ್ನಾಗಲಿ ನೆಚ್ಚಿ ಕೂರಬಾರದು.

ಸಾಮಾನ್ಯ ನೆಗಡಿ ಒಂದು ವಾರದಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಬೆಚ್ಚನೆಯ ನೀರು, ಹಿತಮಿತವಾದ ಆಹಾರ, ಸಾಕಷ್ಟು ನಿದ್ರೆ ಆಗ ಬೇಕಾದವು. ಮಕ್ಕಳು ತಂದಿತ್ತ ಸೀಸೆಯನ್ನು ತೆರೆಯುವ ಮುನ್ನ ಅದನ್ನೊಮ್ಮೆ ವೈದ್ಯರಿಗೆ ತೋರಿಸಿರೆಂದು ಭಕ್ತರಲ್ಲಿ ನಮ್ಮ ವಿನಂತಿ.