ಚಿಂತೆಯೂ ನಿದ್ರೆಯೂ

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ರೆ” ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಇದರ ಸತ್ಯವನ್ನು ಪರೀಕ್ಷಿಸಲು ಸಾಂತಾಕ್ರೂಜಿಗಿಂತ ತಕ್ಕ ಸ್ಥಳವು ಬೇರೊಂದು ಇರಲಾರದು. ತಲೆಯ ಮೇಲೆ ವಿಮಾನಗಳ ಗರ್ಜನೆ, ಪಕ್ಕದಲ್ಲಿ ಲೋಕಲ್ ಗಾಡಿಗಳ ಸದ್ದು, ಗಲ್ಲಿಯಲ್ಲಿ ರಿಕ್ಷಾಗಳ ಓಡಾಟ. ನಡುರಾತ್ರಿಯಾದರೂ ಇವು ನಿಲ್ಲುವುದಿಲ್ಲ. ಆದರೂ ಇಲ್ಲಿಯ ಚಾಳುಗಳಲ್ಲಿ ಹಸುಗೂಸುಗಳು ಸುಖವಾಗಿ ನಿದ್ರಿಸುತ್ತವೆ. ಅದೇ ಕೋಣೆಯಲ್ಲಿ, ಮರುದಿನ ಗಣಿತದ ಪರೀಕ್ಷೆಯಿರುವ ಅಣ್ಣನು ಮಾತ್ರ ಹೊರಳಾಡುತ್ತಿರುತ್ತಾನೆ. ಸದ್ದು ಇಬ್ಬರಿಗೂ ಒಂದೇ; ನಿದ್ರೆ ಮಾತ್ರ ಒಂದೇ ಅಲ್ಲ. ಇದಕ್ಕೆ ಕಾರಣವೇನೆಂಬುದನ್ನು ನಾವೀಗ ವಿಚಾರಿಸೋಣ.

ನಮ್ಮ ಪ್ರಾಚೀನರು ನಿದ್ರೆಯನ್ನು ಅಲ್ಪವೆಂದು ಎಣಿಸಿದವರಲ್ಲ. ದೇಹವೆಂಬ ಮನೆಗೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳು ಮೂರು ಆಧಾರಸ್ತಂಭಗಳೆಂದು ಚರಕಸಂಹಿತೆಯು ಹೇಳುತ್ತದೆ. ನಿದ್ರೆಯನ್ನು ದೂರಮಾಡುವ ಸಂಗತಿಗಳನ್ನು ಎಣಿಸುವಾಗ ಅದೇ ಗ್ರಂಥವು ಭಯ, ಚಿಂತೆ, ಕ್ರೋಧಗಳನ್ನೂ ಹೆಸರಿಸಿದೆ. ಅಂದು ಅನುಭವದಿಂದ ಕಂಡುಕೊಂಡ ಈ ಮಾತಿಗೆ ಇಂದಿನ ವಿಜ್ಞಾನವು ಕಾರಣಗಳನ್ನೂ ತೋರಿಸಿಕೊಟ್ಟಿದೆ.

ನಿದ್ರೆಯನ್ನು ಬರಿಸುವ ಶಕ್ತಿಗಳು ಮುಖ್ಯವಾಗಿ ಎರಡು. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಕೂಡುತ್ತಾ ಹೋಗುತ್ತದೆ; ಹಸಿವು ಏರಿದಂತೆ ನಿದ್ರೆಯ ಬಯಕೆಯೂ ಏರುತ್ತದೆ. ಇದು ಮೊದಲನೆಯದು. ಹಗಲು ಇರುಳುಗಳನ್ನು ಗುರುತಿಸುವ ದೇಹದೊಳಗಿನ ಗಡಿಯಾರವು ಎರಡನೆಯದು. ಕತ್ತಲಾದ ಮೇಲೆ ಅದರ ಆಜ್ಞೆಯಂತೆ ಮೆಲಟೋನಿನ್ ಎಂಬ ರಸವು ಸ್ರವಿಸಿ, ವಿಶ್ರಾಂತಿಯ ವೇಳೆ ಬಂದಿತೆಂದು ದೇಹಕ್ಕೆ ತಿಳಿಸುತ್ತದೆ. ಈ ಎರಡೂ ಒಂದುಗೂಡಿದಾಗ ನಿದ್ರೆಯು ತಾನಾಗಿ ಬರಬೇಕು.

ಆದರೆ ಇವೆರಡನ್ನೂ ತಡೆದು ನಿಲ್ಲಿಸಬಲ್ಲ ಕಾವಲುಗಾರನೊಬ್ಬನು ಮೆದುಳಿನಲ್ಲಿದ್ದಾನೆ. ಅಪಾಯವನ್ನು ಕಂಡೊಡನೆ ಎಚ್ಚರಿಸುವುದೇ ಅವನ ಕೆಲಸ. ಕಾಡಿನಲ್ಲಿ ಹುಲಿಯ ಹೆಜ್ಜೆಯ ಸಪ್ಪಳವನ್ನು ಕೇಳಿದ ಆದಿಮಾನವನು ಮಲಗಿದ್ದರೆ ಉಳಿಯುತ್ತಿರಲಿಲ್ಲ. ಅವನನ್ನು ಎಬ್ಬಿಸಿ ಕಾಪಾಡಿದವನು ಈ ಕಾವಲುಗಾರನೇ. ಭಯವುಂಟಾದೊಡನೆ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಮುಂತಾದ ರಸಗಳು ಹೆಚ್ಚುತ್ತವೆ, ಎದೆಯ ಬಡಿತವು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿಯ ಭಯಕ್ಕೂ ನಾಳಿನ ಪ್ರಶ್ನಪತ್ರಿಕೆಯ ಭಯಕ್ಕೂ ಕಾವಲುಗಾರನು ಹೆಚ್ಚಿನ ಭೇದವನ್ನೆಣಿಸುವುದಿಲ್ಲ. ಹಸುಗೂಸಿನ ಕಾವಲುಗಾರನಿಗೆ ವಿಮಾನದ ಸದ್ದು ದಿನವೂ ಕೇಳಿ ಪರಿಚಿತವಾದುದು. ಅದರಿಂದ ಕೇಡಿಲ್ಲವೆಂದು ಅವನು ಬಲ್ಲನು. ಅಣ್ಣನ ಕಾವಲುಗಾರನಾದರೋ ಹೊರಗಿನ ಸದ್ದಿಗಲ್ಲ, ಒಳಗಿನ ಸದ್ದಿಗೆ ಎಚ್ಚರವಾಗಿದ್ದಾನೆ.

ಇಲ್ಲಿ ಇನ್ನೊಂದು ತೊಡಕುಂಟು. “ಯೋಚಿಸಬಾರದು, ಮಲಗಲೇಬೇಕು” ಎಂದು ಮನಸ್ಸಿಗೆ ಬಲಾತ್ಕಾರ ಮಾಡಿದಷ್ಟೂ ಚಿಂತೆಯು ಬಲಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿಯ ಕರಡಿಯನ್ನು ಕುರಿತು ಯೋಚಿಸಬೇಡಿರೆಂದು ಕೆಲವರಿಗೆ ಹೇಳಲಾಯಿತು. ಅವರ ಮನಸ್ಸಿಗೆ ಆ ಕರಡಿಯೇ ಮತ್ತೆ ಮತ್ತೆ ಬಂದಿತು. ಮಲಗುವ ಮುನ್ನ ಅದುಮಿಟ್ಟ ಯೋಚನೆಯು ಕನಸಿನಲ್ಲಿ ತಲೆಯೆತ್ತುವುದೆಂಬುದನ್ನೂ ಅವರು 2004ರಲ್ಲಿ ತೋರಿಸಿದರು.

ಇನ್ನು ಕನಸಿನ ವಿಷಯ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಆಗಾಗ ವೇಗವಾಗಿ ಚಲಿಸುವುದನ್ನು ಪ್ರಕಟಪಡಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದೆವೆಂದು ಹೇಳುತ್ತಿದ್ದರು. ಸುಮಾರು 90 ನಿಮಿಷಗಳಿಗೊಮ್ಮೆ ಈ ಸ್ಥಿತಿಯು ಮರಳಿ ಬರುತ್ತದೆ. ಬೆಳಗಾಗುತ್ತ ಬಂದಂತೆ ದೀರ್ಘವಾಗುತ್ತದೆ. ಚಿಂತೆಯುಳ್ಳವನ ನಿದ್ರೆಯು ತೆಳುವಾದುದು; ಅವನು ನಡುನಡುವೆ ಎಚ್ಚರಗೊಳ್ಳುತ್ತಾನೆ. ಕನಸಿನ ನಡುವೆ ಎಚ್ಚರವಾದರೆ ಕನಸು ನೆನಪಿನಲ್ಲಿ ಉಳಿಯುತ್ತದೆ. ಆದುದರಿಂದಲೇ “ರಾತ್ರಿಯೆಲ್ಲ ಕನಸು” ಎಂದು ಅವನಿಗೆ ತೋರುತ್ತದೆ.

ಪರೀಕ್ಷೆಯ ದಿನಗಳಲ್ಲಿ ಕೆಲವು ಮಕ್ಕಳು ನಮ್ಮ ಬಳಿಗೆ ಬಂದು, “ಫೇಲಾದಂತೆ ಕನಸು ಬಿತ್ತು, ಅದು ನಿಜವಾಗುವುದೇ?” ಎಂದು ಕೇಳುವುದುಂಟು. ಅವರಿಗೆ ನಮ್ಮ ಉತ್ತರವಿದು. ಕಂಡುದು, ಕೇಳಿದುದು, ಅನುಭವಿಸಿದುದು, ಬಯಸಿದುದು, ಕಲ್ಪಿಸಿದುದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದುದು ಎಂದು ಚರಕನು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಮೊದಲಿನ ಐದಕ್ಕೆ ಫಲವಿಲ್ಲವೆಂದನು. ಹಗಲೆಲ್ಲ ಕಲ್ಪಿಸಿಕೊಂಡ ಸೋಲು ಇರುಳಿನಲ್ಲಿ ಕಂಡರೆ ಅದಾವ ಭವಿಷ್ಯ? ಇನ್ನೂ ಸ್ಪಷ್ಟವಾದ ಸಾಕ್ಷ್ಯವು ಪ್ಯಾರಿಸಿನಿಂದ ಬಂದಿದೆ. ಅಲ್ಲಿ ವೈದ್ಯಕೀಯದ ಕಠಿಣ ಸ್ಪರ್ಧಾಪರೀಕ್ಷೆಗೆ ಕುಳಿತ 719 ವಿದ್ಯಾರ್ಥಿಗಳನ್ನು ವಿಚಾರಿಸಿದ ಸಂಶೋಧನೆಯು 2014ರಲ್ಲಿ ಪ್ರಕಟವಾಯಿತು. ಹಿಂದಿನ ರಾತ್ರಿ ನೂರಕ್ಕೆ ಸುಮಾರು 60 ಮಂದಿ ಪರೀಕ್ಷೆಯ ಕನಸನ್ನೇ ಕಂಡಿದ್ದರು. ಅವುಗಳಲ್ಲಿ ಬಹುಪಾಲು ಕೆಟ್ಟ ಕನಸುಗಳು: ತಡವಾಗಿ ತಲಪಿದಂತೆ, ಉತ್ತರವು ಮರೆತುಹೋದಂತೆ. ಆದರೆ ಕನಸು ಕಂಡವರ ಅಂಕಗಳು ಸರಾಸರಿಯಲ್ಲಿ ಕಾಣದವರಿಗಿಂತ ಹೆಚ್ಚಾಗಿದ್ದುವು! ಕನಸೇ ಅಂಕವನ್ನು ತಂದಿತೆಂದು ಇದರಿಂದ ಹೇಳಲಾಗದು. ಕೆಟ್ಟ ಕನಸು ಸೋಲಿನ ಶಕುನವಲ್ಲವೆಂಬುದಂತೂ ದಿಟ.

ನಿಜವಾದ ಸಂಕಟವನ್ನು ಅನುಭವಿಸಿದವರ ಕನಸು ಇದಕ್ಕಿಂತ ಗಂಭೀರವಾದುದು. 2005ರ ಜುಲೈ 26ರಂದು ಆರಂಭವಾದ ಮಳೆಯು ನಮ್ಮ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಾಯಿತು. ಗಾಡಿಗಳು ನಿಂತುವು, ಅನೇಕರು ಮನೆಗೆ ತಲಪಲಾರದೆ ಕಚೇರಿ ಶಾಲೆಗಳಲ್ಲಿ ರಾತ್ರಿಯನ್ನು ಕಳೆದರು. ಅನಂತರವೂ ಜೋರಾದ ಮಳೆ ಸುರಿದ ರಾತ್ರಿ ನಿದ್ರೆ ಹತ್ತುತ್ತಿರಲಿಲ್ಲವೆಂದು ನೆರೆಹೊರೆಯ ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ಇಂತಹ ಕನಸು ಮರುಕಳಿಸುತ್ತಿದ್ದರೆ, ಹಗಲಿನಲ್ಲಿ ಅದರ ಅಂತ್ಯವನ್ನು ಒಳ್ಳೆಯದಾಗಿ ಬದಲಿಸಿ, ಆ ಹೊಸ ಕಥೆಯನ್ನು ದಿನವೂ ಮನಸ್ಸಿನಲ್ಲಿ ಕಾಣುವ ಅಭ್ಯಾಸವು ಅನೇಕರಿಗೆ ಉಪಕಾರಿಯಾಗಿದೆ.

ಹಾಗಾದರೆ ಕಾವಲುಗಾರನನ್ನು ಸಮಾಧಾನಪಡಿಸುವ ಬಗೆ ಹೇಗೆ? ಚಿಂತೆಯನ್ನು ಹಾಸಿಗೆಗೆ ಒಯ್ಯದೆ ಕಾಗದಕ್ಕೆ ಒಪ್ಪಿಸುವುದು ಮೊದಲನೆಯ ಉಪಾಯ. ಅಮೆರಿಕದಲ್ಲಿ 57 ಮಂದಿ ತರುಣರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಂದೆ ಮಾಡಬೇಕಾದ ಕೆಲಸಗಳನ್ನು ಮಲಗುವ ಮುನ್ನ ಐದು ನಿಮಿಷ ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಮೊದಲೇ ನಿದ್ರಿಸಿದರು. ಎರಡನೆಯದಾಗಿ, ಹಾಸಿಗೆಯು ನಿದ್ರೆಗೆ ಮಾತ್ರ ಮೀಸಲಾಗಿರಲಿ. ನಮ್ಮಲ್ಲಿ ಅನೇಕರ ಮನೆಗಳು ಒಂದೇ ಕೋಣೆಯವು. ಓದುವುದೂ ಉಣ್ಣುವುದೂ ಮಲಗುವುದೂ ಅಲ್ಲಿಯೇ. ಆದರೂ ಪುಸ್ತಕವನ್ನು ಮುಚ್ಚಿದ ಮೇಲೆಯೇ ಚಾಪೆಯನ್ನು ಬಿಚ್ಚುವುದು ಯಾರಿಗೂ ಅಸಾಧ್ಯವಲ್ಲ. ಮಲಗಿ ಬಹಳ ಹೊತ್ತಾದರೂ ನಿದ್ರೆ ಬಾರದಿದ್ದರೆ ಎದ್ದು ಕುಳಿತು, ತೂಕಡಿಕೆ ಬಂದಾಗ ಮರಳಿ ಮಲಗಬೇಕು. ಸಂಜೆಯ ಮೇಲೆ ಚಹಾ ಬೇಡ. ಅದರಲ್ಲಿರುವ ಕೆಫೀನ್ ಅಡಿನೋಸಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಮೊಬೈಲನ್ನು ಕೈಗೆಟುಕದಷ್ಟು ದೂರವಿಡಿರಿ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಡುವುದರಿಂದ ದೇಹದ ಬಿಗಿಯು ಸಡಿಲುತ್ತದೆ.

ವಾರಗಟ್ಟಲೆ ನಿದ್ರೆ ಬಾರದಿದ್ದರೆ ಮುಚ್ಚಿಡಬಾರದು. ತಾಯಿತಂದೆಗಳಿಗೆ, ಅಧ್ಯಾಪಕರಿಗೆ, ವೈದ್ಯರಿಗೆ ಹೇಳಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ನಿಮ್ಮ ಚಿಂತೆಗಳು ಹುಸಿಯೆಂದು ನಾವು ಹೇಳುವುದಿಲ್ಲ. ಶಾಲಾಂತ ಪರೀಕ್ಷೆಯುಂಟು, ಅದರಾಚೆ ಕಾಲೇಜಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾದೀತೆಂಬ ಅಳುಕುಂಟು. ಕನ್ನಡ ಮಾಧ್ಯಮದಲ್ಲಿಯೇ ಓದಿ ಈ ನಗರಕ್ಕೆ ಬಂದ ನಾವು ಆ ಅಳುಕನ್ನು ಬಲ್ಲೆವು. ಆದರೆ ಆ ಸಮಸ್ಯೆಗಳು ಬಗೆಹರಿಯುವುದು ಹಗಲಿನ ದುಡಿಮೆಯಿಂದ, ಇರುಳಿನ ಹೊರಳಾಟದಿಂದಲ್ಲ. ಕಲಿತುದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆಯು ಬೇಕು; ನಿದ್ರೆಗೆಟ್ಟ ಮೆದುಳು ಸಣ್ಣ ಭಯವನ್ನೂ ದೊಡ್ಡದಾಗಿ ಕಾಣುತ್ತದೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆಯು ಅವಶ್ಯವೆಂಬುದು ತಜ್ಞರ ಮತ. ನಿದ್ರಿಸುವ ವಿದ್ಯಾರ್ಥಿಯು ಸೋಮಾರಿಯಲ್ಲ. ನಾಳಿನ ಪಾಠಕ್ಕೆ ಇಂದೇ ಸಿದ್ಧನಾಗುತ್ತಿರುವವನು.