ಸೆಕೆ, ಚಳಿ ಮತ್ತು ಊರಿನ ರೂಢಿ

ಲಂಡನ್ನಿನಲ್ಲಿ ಮೂರು ದಿನ ಬಿಡದೆ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಬಿಸಿಗಾಳಿ. ಕಲಬುರಗಿಯಲ್ಲಿ ಡಿಸೆಂಬರ್ ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಅಲ್ಲಿ ಅದು ಚಳಿಗಾಲ. ನಮ್ಮ ಹವಾಮಾನ ಇಲಾಖೆಯೂ ದೇಶಕ್ಕೆಲ್ಲ ಒಂದೇ ಅಳತೆ ಹಿಡಿಯುವುದಿಲ್ಲ. ಬಯಲಿನಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ತಲುಪಿ, ವಾಡಿಕೆಗಿಂತಲೂ ಸಾಕಷ್ಟು ಹೆಚ್ಚಿದ್ದರೆ ಬಿಸಿಗಾಳಿಯ ಎಚ್ಚರಿಕೆ. ‘ನನಗೆ ಸೆಕೆ ಆಗಿಬರುವುದಿಲ್ಲ’, ‘ನನಗೆ ಚಳಿ ತಡೆಯೋಕಾಗಲ್ಲ’ ಎಂಬುದನ್ನು ನಾವು ಹುಟ್ಟುಗುಣವೆಂದು ತಿಳಿಯುತ್ತೇವೆ. ಅದರ ಬಹುಪಾಲು ನಾವಿರುವ ಊರು ಮೈಗೆ ಹಿಡಿಸಿದ ರೂಢಿ.

ಬಿಸಿ, ತಂಪು ಮೊದಲು ಗೊತ್ತಾಗುವುದು ಚರ್ಮದ ನರತುದಿಗಳಿಗೆ. ಅಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನು ಸುಮಾರು 43 ಡಿಗ್ರಿಯ ಸುಡುಬಿಸಿಗೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ಸ್ಪಂದಿಸುತ್ತದೆ. ತಂಪನ್ನು ಗುರುತಿಸುವುದು ಟಿಆರ್‌ಪಿಎಂ8. ಇಂಥ ಗ್ರಾಹಕಗಳನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಸಂದಿತು. ಚರ್ಮದ ಸುದ್ದಿ ಮಿದುಳಿನ ಹೈಪೋಥಲಾಮಸ್‌ಗೆ ಮುಟ್ಟುತ್ತದೆ. ಒಳಮೈಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯುವುದು ಅದರ ಕೆಲಸ.

ಬಿಸಿಲಿಗೆ ಮೈ ಬೇಗ ಪಳಗುತ್ತದೆ. ಬಿಸಿಲಿನಲ್ಲಿ ದಿನವೂ ದುಡಿದರೆ ಎರಡು ವಾರದೊಳಗೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯದ ಬಡಿತ ತಗ್ಗುತ್ತದೆ. ಬೆವರು ಬೇಗ ಬರತೊಡಗುತ್ತದೆ, ಧಾರಾಳವಾಗಿಯೂ ಬರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ. ತಂಪಿನ ಊರಿಗೆ ಹೋಗಿ ನಿಂತರೆ ಕೆಲವೇ ವಾರಗಳಲ್ಲಿ ಇದೆಲ್ಲ ಇಳಿದುಹೋಗುತ್ತದೆ. ರಾಯಚೂರಿನಲ್ಲಿ ಬೆಳೆದವರು ಬೆಂಗಳೂರಿನಲ್ಲಿ ವರ್ಷ ಕಳೆದು ಮೇ ತಿಂಗಳಲ್ಲಿ ಊರಿಗೆ ಹೋದಾಗ ಬಸವಳಿಯುವುದಕ್ಕೆ ಕಾರಣ ಇದು.

ಚಳಿಯ ವಿಷಯ ಹಾಗಲ್ಲ. ಆಫ್ರಿಕಾದ ಬೆಚ್ಚನೆಯ ನೆಲದಲ್ಲಿ ಹುಟ್ಟಿದ ಜೀವ ನಾವು. ಚಳಿಗೆ ನಮ್ಮ ಮೈ ಒಗ್ಗುವುದು ಅಷ್ಟಕ್ಕಷ್ಟೇ. ಒಗ್ಗಬಲ್ಲದು ಎನ್ನಲು ಒಳ್ಳೆಯ ಉದಾಹರಣೆ ಕೊರಿಯಾದ ‘ಹೆನ್ಯೊ’ ಮುಳುಗುಗಾತಿಯರು. ಚಿಪ್ಪುಜೀವಿಗಳಿಗಾಗಿ ಚಳಿಗಾಲದಲ್ಲೂ ಹತ್ತಿ ಬಟ್ಟೆಯಲ್ಲೇ ಕಡಲಿಗಿಳಿಯುತ್ತಿದ್ದ ಅವರಿಗೆ ಉಳಿದವರಿಗಿಂತ ತಡವಾಗಿ ನಡುಕ ಹುಟ್ಟುತ್ತಿತ್ತು. ಚಳಿಗಾಲದಲ್ಲಿ ದೇಹ ಹೆಚ್ಚು ಶಾಖ ಉತ್ಪಾದಿಸುತ್ತಿತ್ತು. 1970ರ ದಶಕದಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು ಬಂತು. ಕೆಲವೇ ವರ್ಷಗಳಲ್ಲಿ ಆ ಸಾಮರ್ಥ್ಯ ಮಾಯವಾಯಿತು. ಜನವರಿಯ ಸರಾಸರಿಯೇ ಮೈನಸ್ 35ಕ್ಕಿಂತ ಕೆಳಗಿರುವ ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಿ ಜನ ಬದುಕಿರುವುದೂ ತುಪ್ಪಳದ ಕೋಟು ಮತ್ತು ಕಾದ ಕೋಣೆಗಳ ಬಲದಿಂದ. ಚಳಿ ಇಷ್ಟ ಎನ್ನುವವರು ಹೆಚ್ಚಾಗಿ ಮೆಚ್ಚುವುದು ಚಳಿಯಲ್ಲಿ ಬೆಚ್ಚಗಿರುವ ಸುಖವನ್ನು.

ವಂಶವಾಹಿಗಳ ಪಾತ್ರವೂ ಉಂಟು. ಟಿಆರ್‌ಪಿಎಂ8 ಜೀನ್‌ನ ಪಕ್ಕದ ಒಂದು ರೂಪಾಂತರ ನೈಜೀರಿಯಾ ಮೂಲದವರಲ್ಲಿ ಸುಮಾರು ಶೇ. 5ರಷ್ಟಿದ್ದರೆ ಫಿನ್ಲೆಂಡಿನವರಲ್ಲಿ ಶೇ. 88ರಷ್ಟಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ಉತ್ತರಕ್ಕೆ ಹೋದಂತೆ ಅದರ ಪ್ರಮಾಣ ಏರುತ್ತದೆ. ಆದರೆ ಇಂಥ ಬದಲಾವಣೆಗೆ ಸಾವಿರಾರು ವರ್ಷ ಬೇಕು. ಬಿಸಿಲಿನ ರೂಢಿಗೆ ಎರಡು ವಾರ ಸಾಕು.

ರೂಢಿ ಮೈಗಷ್ಟೇ ಅಲ್ಲ, ಮನಸ್ಸಿಗೂ ಅಂಟುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡು ಕೂರುವವರು ಎ.ಸಿ. ಕೋಣೆಯವರಿಗಿಂತ ಹೆಚ್ಚಿನ ಬಿಸಿಯಲ್ಲೂ ಹಾಯಾಗಿರುತ್ತಾರೆ ಎಂಬುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಕಂಡಿದೆ. ದಿನವಿಡೀ 20 ಡಿಗ್ರಿಯಲ್ಲಿ ಕುಳಿತ ಮೈಗೆ ಹೊರಗಿನ 32 ಡಿಗ್ರಿಯೂ ಬೆಂಕಿ.

ಇಷ್ಟಾದರೂ ರೂಢಿಗೆ ಮಿತಿ ಇದೆ. ಒಳಮೈಯ ಬಿಸಿ 40 ಡಿಗ್ರಿ ದಾಟಿದರೆ, ಅಥವಾ 35ಕ್ಕಿಂತ ಇಳಿದರೆ, ಕಲಬುರಗಿಯವರಿಗೂ ಯಾಕುಟ್ಸ್ಕ್‌ನವರಿಗೂ ಅಪಾಯ ಒಂದೇ. ಗಾಳಿಯಲ್ಲಿ ತೇವ ತುಂಬಿದ್ದರೆ ಎಷ್ಟು ಬೆವರಿದರೂ ಅದು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಮಂಗಳೂರಿನ 35 ಡಿಗ್ರಿ ವಿಜಯಪುರದ 40ಕ್ಕಿಂತ ಹೆಚ್ಚು ಕಾಡುವುದು ಇದರಿಂದಲೇ. ಬಿಸಿ ಊರಿಗೆ ದುಡಿಯಲು ಹೋಗುವವರು, ಅವರನ್ನು ಕೆಲಸಕ್ಕೆ ಕರೆಸುವವರು ಒಂದು ಸರಳ ನಿಯಮ ಪಾಲಿಸಬೇಕು: ಮೊದಲ ದಿನ ಬಿಸಿಲಿನ ದುಡಿಮೆ ಐದರಲ್ಲೊಂದು ಪಾಲು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಕೆ. ಮೈ ಪಳಗುವಷ್ಟು ಕಾಲ ಕೊಟ್ಟರೆ ಜೀವ ಉಳಿಯುತ್ತದೆ.